ಲೋಹ ಇಳಿಸುವ ನೀರು

ಆ ವರ್ಷ ಮಾರ್ಚ್ ಕೊನೆಗೆ ನನ್ನ ಅಣ್ಣನ ಮಗಳಿಗೆ ಹನ್ನೊಂದು ಮಾತು ಬರುತ್ತಿದ್ದವು. ಅವ್ವ, ನೀರು, ಹಾಲು, ಬಾ, ಹೂಂ, ಒಲ್ಲೆ, ಟಾಟಾ, ಕಾಕಿ, ಚೆಂಡು, ಬಿತ್ತು, ಲೈಲು. ಕಾಕಿ ಅಂದರೆ ಕಾಗೆ, ಲೈಲು ಅಂದರೆ ರೈಲು. ನಮ್ಮ ಮನೆ ಕಾಚಿಗೂಡ ಸ್ಟೇಶನ್ನಿನ ಹಿಂದಿನ ಓಣಿಯಲ್ಲಿದೆ, ಗಾಡಿ ಕೂಗಿದಾಗಲೆಲ್ಲ ಕೂಸು ಕಿಟಕಿಗೆ ಓಡುತ್ತಿತ್ತು. ಮೂರು ವರ್ಷ ತುಂಬಿದ ಕೂಸಿಗೆ ಇಷ್ಟು ಸಾಲದು, ಯಾವ ಮಾತು ಬಂತು ಯಾವುದು ಹೋಯಿತು ಬರೆದಿಡಿ ಎಂದು ಮಕ್ಕಳ ಡಾಕ್ಟರು ಹೇಳಿದರು. ಇಂಥ ಕೆಲಸ ನಮ್ಮ ಮನೆಯಲ್ಲಿ ನನ್ನ ಪಾಲಿಗೆ ಬರುತ್ತದೆ. ಸಿಲಿಂಡರ್ ಹಚ್ಚಿದ ತಾರೀಖು, ನಳ ಬಂದ ಹೊತ್ತು, ಅವ್ವನ ಬಿ.ಪಿ., ಎಲ್ಲ ಬರೆಯುವವಳು ನಾನು. ಕೂಸಿನ ಮಾತುಗಳನ್ನೂ ಬರೆಯತೊಡಗಿದೆ.

ಮನೆಯಲ್ಲಿ ನಾವು ಐದು ಜನ. ಅವ್ವ, ಅಣ್ಣ, ಅಣ್ಣನ ಹೆಂಡತಿ, ಕೂಸು, ನಾನು. ಅಣ್ಣನ ಹೆಂಡತಿಯನ್ನು ನಾನು ವೈನಿ ಅನ್ನುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಬೇಗಂ ಬಜಾರಿನ ಪಾತ್ರೆ ಅಂಗಡಿ ಅಣ್ಣನ ಕೈಗೆ ಬಂದಿತ್ತು. ಅಜ್ಜ ಸೇಡಂ ಕಡೆಯಿಂದ ಬಂದು ಹಾಕಿದ ಅಂಗಡಿ ಅದು. ಹಿತ್ತಾಳೆ, ತಾಮ್ರ, ಈಚೆಗೆ ಸ್ಟೀಲು. ಅವ್ವನಿಗೆ ಮಾತ್ರ ಸ್ಟೀಲು ಅಂದರೆ ಬಡವರ ಪಾತ್ರೆ.

ಡಾಕ್ಟರು ಮಾತು ಕಲಿಸುವ ಕ್ಲಾಸಿಗೆ ಕಳಿಸಿದರು. ಐದು ವರ್ಷದೊಳಗೆ ಎಷ್ಟು ಬೇಗ ಕಲಿಸಿದರೆ ಅಷ್ಟು ಒಳ್ಳೆಯದು, ಆಮೇಲೆ ಕಷ್ಟವಾಗುತ್ತದೆ ಎಂದರು. ವೈನಿ ವಾರಕ್ಕೆ ಮೂರು ದಿನ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಆಟೋ ಹತ್ತುತ್ತಿದ್ದಳು.

"ಮಾತು ಕಲಸಾಕ ಸಾಲಿ ಐತಂತ," ಎಂದು ಅವ್ವ ಪಕ್ಕದ ಮನೆಗೆ ಕೇಳಿಸುವ ಹಾಗೆ ಅನ್ನುತ್ತಿದ್ದಳು. "ಯಾಕ, ನಮ್ಮನಿಯೊಳಗ ಮಾತಾಡೋರಿಗೆ ಬರ ಬಂದೈತೇನು? ತಾಯಿ ಹೊಟ್ಟಿಯೊಳಗ ಇದ್ದಿದ್ರ ಮಗಳ ಬಾಯಾಗ ಬರ್ತಿತ್ತು."

ವೈನಿ ಚಪ್ಪಲಿ ಹಾಕಿಕೊಳ್ಳುತ್ತ, "ನನ್ನ ಹೊಟ್ಟಿಯೊಳಗ ಭಾಳ ಮಾತು ಅದಾವ ಅತ್ತಿ, ಹೊರಗ ಬಿಟ್ರ ನಿಮಗ ತಡಿಯಂಗಿಲ್ಲ," ಅಂದು ನಕ್ಕುಬಿಡುತ್ತಿದ್ದಳು. ಆಗ ಅವಳು ಬಾಯಿ ಪೂರ್ತಿ ತೆರೆದು ನಗುತ್ತಿದ್ದಳು. ಆ ನಗು ಅವಳಿಗೆ ಮುಳುವಾಯಿತು.

ಅವ್ವನ ತಂಗಿ ನಾಂಪಲ್ಲಿ ಕಡೆ ಇರುತ್ತಾಳೆ. ನಮಗೆ ಮೌಶಿ. ಮೊದಲು ಸೀರೆ ಮಾರುತ್ತಿದ್ದಳು, ನಂತರ ಸ್ಲಿಮ್ ಆಗುವ ಪುಡಿ, ಆ ವರ್ಷ ಬೆಂಕಿಬೆಟ್ಟದ ಕಲ್ಲಿನಿಂದ ತೆಗೆದದ್ದೆಂಬ ಖನಿಜದ ಹನಿ. ದೇಹದೊಳಗಿನ ಲೋಹವನ್ನೆಲ್ಲ ಹೀರಿ ಹೊರಗೆ ತರುತ್ತದೆ ಎಂದು ಸೀಸೆಯ ಮೇಲೆ ಬರೆದಿತ್ತು. ಅದನ್ನು ಕುಡಿದು ಮಾತು ಬಂದ ಮಕ್ಕಳ ವಿಡಿಯೋಗಳು ಅವಳ ಫೋನಿನಲ್ಲಿದ್ದವು. ಅವ್ವ ಅವುಗಳನ್ನು ಕಣ್ಣೀರು ಒರೆಸಿಕೊಳ್ಳುತ್ತ ನೋಡಿದಳು. ಮೌಶಿ ಅಂದೇ ಕೂಸಿನ ಹಿಂದಲೆಯ ಕೂದಲನ್ನು ಕತ್ತರಿಸಿ ಕವರಿನಲ್ಲಿ ಹಾಕಿಕೊಂಡು ಹೋದಳು. ಕಂಪನಿಯವರು ಕೂದಲು ನೋಡಿ ಹೇಳುತ್ತಾರಂತೆ. ಏಪ್ರಿಲ್ ಮೂರನೇ ವಾರ ಬಣ್ಣದ ಪಟ್ಟಿಗಳ ಹಾಳೆ ಬಂತು. ಪಾದರಸದ ಎದುರಿಗೆ ಕೆಂಪು ಪಟ್ಟಿ ಅಂಚಿನವರೆಗೂ ಹೋಗಿತ್ತು.

"ಇಷ್ಟು ಸಣ್ಣ ಕೂಸಿಗೆ ಪಾದರಸ ಎಲ್ಲಿಂದ ಬರ್ತೈತಿ?" ಎಂದು ಅಣ್ಣ ಕೇಳಿದ.

ಮೌಶಿ ವೈನಿಯ ಕಡೆ ತಿರುಗಿದಳು. "ನೀ ನಗೋ ಮುಂದ ನೋಡೀನಿ. ಬಾಯಿ ತೆಗಿ ನೋಡೋಣು."

ವೈನಿ ಬಾಯಿ ತೆರೆದಳು. ಮೌಶಿ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ ನೋಡಿದಳು. ದವಡೆಯ ಮೂರು ಹಲ್ಲುಗಳಲ್ಲಿ ಬೆಳ್ಳಿ ಬಣ್ಣದ ಫಿಲ್ಲಿಂಗ್ ಇತ್ತು. ಕಾಲೇಜಿನಲ್ಲಿದ್ದಾಗ ತುಂಬಿಸಿಕೊಂಡದ್ದು.

"ನೋಡಕ್ಕಾ, ಇದರೊಳಗ ಪಾದರಸ ಇರ್ತೈತಿ. ಬಸರಿದ್ದಾಗ ರಕ್ತದಾಗ ಇಳದೈತಿ, ಮೊಲಿ ಹಾಲಿನ್ಯಾಗೂ ಇಳದೈತಿ."

"ಅಂದ್ರ ಇಕಿನ ಕುಡಿಸ್ಯಾಳ," ಅಂದಳು ಅವ್ವ. ಅವಳ ದನಿಯಲ್ಲಿ ಸಿಟ್ಟಿಗಿಂತ ನೆಮ್ಮದಿ ಹೆಚ್ಚಿತ್ತು. ಮೂರು ವರ್ಷದಿಂದ ಹುಡುಕುತ್ತಿದ್ದ ತಪ್ಪು ಕೊನೆಗೂ ಸಿಕ್ಕಿತ್ತು.

ಹನಿ ಕೊಡುವ ಕ್ರಮವನ್ನು ಮೌಶಿ ಹೇಳಿಕೊಟ್ಟಳು. ಮಲಗುವ ಮುಂಚೆ ನಿಂಬೆಹಣ್ಣು ಹಿಂಡಿದ ನೀರಿಗೆ ಹನಿ ಹಾಕಿಡಬೇಕು, ಬೆಳಗ್ಗೆ ಖಾಲಿ ಹೊಟ್ಟೆಗೆ ಕುಡಿಸಬೇಕು. "ಪ್ಲಾಸ್ಟಿಕ್ಕಿನ್ಯಾಗ ಇಡಬ್ಯಾಡ, ಸ್ಟೀಲಿನ್ಯಾಗೂ ಬ್ಯಾಡ. ಹಿಂದಿನ ಕಾಲದ್ದು ಯಾವದರ ಪಾತ್ರಿ ತಗೋ. ನಿಮಗೇನ್ ಪಾತ್ರಿಗೆ ಕಡಿಮಿ?"

ಅವ್ವ ಗೋಡೆಯ ದೇವರ ಮಾಡದಿಂದ ಅಪ್ಪನ ಹಿತ್ತಾಳೆ ಲೋಟ ತೆಗೆದಳು. ಬರೀ ಹಿತ್ತಾಳೆಯಲ್ಲಿ ಹುಳಿ ಇಟ್ಟರೆ ಕಿಲುಬು ಏಳುತ್ತದೆ, ಅದು ಪಾತ್ರೆಯವರ ಮನೆಯ ಹೆಂಗಸಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಳಗೆ ತವರದ ಕಲಾಯಿ ಇದ್ದರೆ ಕಿಲುಬಿನ ಭಯವಿಲ್ಲ. ಆ ಲೋಟಕ್ಕೆ ಹೊಸ ಕಲಾಯಿ ಇತ್ತು. ಜನವರಿಯ ನುಮಾಯಿಶ್ ವಸ್ತುಪ್ರದರ್ಶನದಲ್ಲಿ ಅಣ್ಣ ಮಳಿಗೆ ಹಾಕಿದ್ದ. ಅಲ್ಲಿಗೆಂದು ಒಂದು ಗೋಣಿ ಹಿತ್ತಾಳೆ ಸಾಮಾನಿಗೆ ಕಲಾಯಿ ಹಾಕಿಸಿದಾಗ, ಅಪ್ಪನ ಲೋಟವನ್ನೂ ಅವ್ವ ಅದರ ಜೊತೆ ಕಳಿಸಿದ್ದಳು. ತಿರುಗಿ ಬಂದಾಗ ಅದರೊಳಗೆ ಮುಖ ಕಾಣುತ್ತಿತ್ತು.

ಮೊದಲ ಬೆಳಗ್ಗೆಯೇ ಕೂಸು ಒಂದು ಗುಟುಕು ಕುಡಿದು, "ಒಲ್ಲೆ," ಅಂದಿತು.

ಅವ್ವ ಮೂಗು ಹಿಡಿದು ಉಳಿದದ್ದನ್ನು ಬಾಯಿಗೆ ಸುರಿದಳು. ನಾನು ಕೂಸಿನ ಕೈ ಹಿಡಿದುಕೊಳ್ಳಬೇಕಿತ್ತು, ಹಿಡಿದುಕೊಂಡೆ. ವೈನಿಗೆ ಆ ಹೊತ್ತಿನಲ್ಲಿ ಹತ್ತಿರ ಬರಲು ಅಪ್ಪಣೆ ಇರಲಿಲ್ಲ. ಉಸಿರಿನಿಂದಲೂ ಪಾದರಸದ ಹಬೆ ಬರುತ್ತದೆ ಎಂದು ಮೌಶಿ ಹೇಳಿದ್ದಳು. ಹಾಗಾಗಿ ಮುತ್ತು ಕೊಡುವುದು, ಅನ್ನ ಊದಿ ತಿನ್ನಿಸುವುದು, ಮಗ್ಗುಲಲ್ಲಿ ಮಲಗಿಸಿಕೊಳ್ಳುವುದು ಒಂದೊಂದಾಗಿ ನಿಂತವು. ವೈನಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು.

ಒಲ್ಲೆ ಎಂಬ ಮಾತು ಆ ತಿಂಗಳು ಎಲ್ಲಕ್ಕಿಂತ ಹೆಚ್ಚು ಸಲ ಕೇಳಿಸಿತು. ಲೋಟ ಕಂಡರೆ ಒಲ್ಲೆ, ಅವ್ವ ಕಂಡರೆ ಒಲ್ಲೆ, ಬೆಳಗಾದರೆ ಒಲ್ಲೆ. ವೈನಿ ಮೌಶಿಗೆ ಫೋನ್ ಮಾಡಿ ಹೇಳಿದಳು. ಸ್ಪೀಕರಿನಲ್ಲಿ ಮೌಶಿಯ ದನಿ ಮನೆಯೆಲ್ಲ ಕೇಳಿಸಿತು. "ಒಲ್ಲೆ ಅನ್ನಾಕತ್ತಿದ್ದು ಕೂಸಲ್ಲ, ಒಳಗಿನ ಪಾದರಸ. ಅದಕ್ಕ ಹೊರಗ ಹೋಗಾಕ ಮನಸಿಲ್ಲ. ನೀ ನಡಕ ಬಾಯಿ ಹಾಕಬ್ಯಾಡ, ನಿನ್ನ ಬಾಯಿಂದನ ಇಷ್ಟೆಲ್ಲಾ ಆಗೈತಿ."

ಮೇ ತಿಂಗಳಲ್ಲಿ ಆ ಬಾಯಿಯ ಸರದಿ ಬಂತು. ತಾಯಿಯ ಹಲ್ಲಿನಲ್ಲಿ ಪಾದರಸ ಇರುವವರೆಗೆ ಮಗಳಿಗೆ ಕೊಟ್ಟ ಹನಿ ನೀರುಪಾಲು ಎಂದು ಮೌಶಿ ತೀರ್ಪು ಕೊಟ್ಟಿದ್ದಳು. ಅಣ್ಣ ಮೊದಲು ಕರೆದುಕೊಂಡು ಹೋದ ಹಲ್ಲಿನ ಡಾಕ್ಟರು, ಒಳ್ಳೆಯ ಹಲ್ಲು ಯಾಕೆ ಕೀಳಬೇಕು, ಮನೆಗೆ ಹೋಗಿ ಎಂದು ಕಳಿಸಿದರು. ಎರಡನೆಯವರು ಏನೂ ಕೇಳಲಿಲ್ಲ. ವೈನಿ ಹೋಗುವಾಗ ನನಗೆ ಅಂದದ್ದು ಇಷ್ಟು: "ಕೂಸಿಗೆ ಮಾತು ಬರ್ತಾವಂದ್ರ ಮೂರ್ ಯಾಕ ತಂಗಿ, ಮೂವತ್ತೆರಡೂ ಕೀಳ್ಲಿ." ಬಾಯಲ್ಲಿ ಹತ್ತಿ ಇಟ್ಟುಕೊಂಡು ಬಂದಳು. ಸೆರಗಿಗೆ ರಕ್ತ ಹತ್ತಿತ್ತು. ಕೂಸು ಓಡಿ ಬಂದು ಅದನ್ನು ನೋಡಿ ಹಿಂದೆ ಸರಿಯಿತು.

"ಈಗ ಚಿಂತಿಲ್ಲ," ಎಂದು ಅವ್ವ ಅಣ್ಣನಿಗೆ ಚಹಾ ಕೊಡುತ್ತ ಅಂದಳು. "ಇನ್ ಮ್ಯಾಲ ಸೊಸಿ ಕಚ್ಚಂಗಿಲ್ಲ."

ಅಣ್ಣ ನಕ್ಕ. ಅವನು ಕೆಟ್ಟವನಲ್ಲ. ಅಂಗಡಿಯಲ್ಲಿ ಗಿರಾಕಿ ಏನಂದರೂ ನಗುವ ಅಭ್ಯಾಸ ಅವನಿಗೆ, ಮನೆಯಲ್ಲೂ ಹಾಗೇ ನಗುತ್ತಿದ್ದ.

ಜೂನ್ ಹೊತ್ತಿಗೆ ಕೂಸಿಗೆ ಹೊಟ್ಟೆನೋವು ಶುರುವಾಯಿತು. ನಾಲ್ಕು ದಿನಕ್ಕೊಮ್ಮೆ ಹೊರಗೆ ಹೋಗುತ್ತಿತ್ತು, ತಿಂದದ್ದನ್ನು ಕಕ್ಕುತ್ತಿತ್ತು, ಸುಮ್ಮಸುಮ್ಮನೆ ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿತ್ತು. ನಾನು ಬರೆಯುತ್ತ ಹೋದೆ: ಚೆಂಡು ಹೋಯಿತು, ಟಾಟಾ ಹೋಯಿತು, ಹಾಲು ಹೋಯಿತು. ಹಾಲಿಗೆ ಕೈ ತೋರಿಸಿ ಅಳುತ್ತಿತ್ತು, ಮಾತು ಬರುತ್ತಿರಲಿಲ್ಲ. ಅದನ್ನು ಅವ್ವನಿಗೆ ಓದಿ ಹೇಳಿದೆ. ಅವ್ವ ಮೌಶಿಗೆ ಹೇಳಿದಳು. ಮೌಶಿ ಖುಷಿಯಾದಳು.

"ಹೊರಗ ಬರಾಕತ್ತೈತಿ! ಬರೋ ಮುಂದ ಹಿಂಗ ಎಲ್ಲಾ ಅಲ್ಲಾಡಸ್ಕೊಂಡ ಬರ್ತೈತಿ. ಹನಿ ಜಾಸ್ತಿ ಮಾಡ್ರಿ. ಮತ್ತ ಆ ಕ್ಲಾಸ್ ಬಿಡಸ್ರಿ, ಎರಡು ದೋಣಿ ಮ್ಯಾಲ ಕಾಲಿಟ್ರ ನಡುವ ಬೀಳ್ತೀರಿ."

ಕ್ಲಾಸು ಬಿಡಿಸಿದರು. ವೈನಿ ಅಣ್ಣನ ಕಾಲು ಹಿಡಿದಳು. ಕ್ಲಾಸು ಒಂದನ್ನು ಬಿಡಿಸಬೇಡಿ, ಮಗಳಿಗೆ ಹೊತ್ತು ಮೀರುತ್ತಿದೆ, ಬೇಕಾದರೆ ನನ್ನನ್ನು ತವರಿಗೆ ಕಳಿಸಿ ಎಂದಳು. "ಅವ್ವ ಹೇಳಾಕತ್ತಾಳಲ್ಲ," ಎಂದು ಅಣ್ಣ ಕಾಲು ಬಿಡಿಸಿಕೊಂಡು ಅಂಗಡಿಗೆ ಹೋದ.

ಜುಲೈ ಎರಡನೇ ವಾರದ ಒಂದು ಬೆಳಗ್ಗೆ ಕೂಸು ಲೋಟ ಕಂಡರೂ ಏನೂ ಅನ್ನಲಿಲ್ಲ. ಬಾಯಿ ತೆರೆದು ಕುಡಿಯಿತು. ಗದ್ದದ ಮೇಲೆ ನಿಂಬೆನೀರು ಇಳಿಯಿತು. ಕಣ್ಣು ಎಲ್ಲಿಯೋ ಇತ್ತು.

"ನೋಡು ನೋಡು," ಎಂದು ಅವ್ವ ನನ್ನ ಭುಜ ತಟ್ಟಿದಳು. "ಒಲ್ಲೆ ಅನ್ನೋದು ಬಿಟ್ಟೈತಿ. ಎಷ್ಟ್ ಶ್ಯಾಣೇ ಆತು ನನ್ನ ಬಂಗಾರ!"

ನಾನು ಒಲ್ಲೆಯನ್ನೂ ಹೊಡೆದುಹಾಕಿದೆ. ಹೊಸ್ತಿಲಿನಿಂದ ವೈನಿ ಇದನ್ನೆಲ್ಲ ಕಂಡಳು. ಆ ದಿನ ಅವಳು ಯಾರನ್ನೂ ಕೇಳಲಿಲ್ಲ. ಒಳಗೆ ಬಂದು ಕೂಸನ್ನು ಎತ್ತಿಕೊಂಡು, "ತಂಗಿ, ನೀ ಬರ್ತೀಯೋ ಇಲ್ಲೋ?" ಎಂದು ಕೇಳಿದಳು. ನಾನು ಚಪ್ಪಲಿ ಹಾಕಿಕೊಂಡೆ. ಅವ್ವ ಬಾಗಿಲಿಗೆ ಬಂದು, "ಆ ಬಾಯಿಲೆ ಅದನ್ನ ಮುಟ್ಟಬ್ಯಾಡ!" ಎಂದು ಕೂಗುತ್ತಿದ್ದಳು. ಆಟೋ ತಿರುಗುವವರೆಗೂ ಕೇಳಿಸಿತು.

ದೊಡ್ಡಾಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ರಕ್ತ ತೆಗೆದರು. ವೈನಿಯೇ ಕೇಳಿ ಪಾದರಸವನ್ನೂ ನೋಡಿಸಿದಳು. ಒಂದು ವಾರ ಅವಳು ಕೂಸಿನೊಂದಿಗೆ ತನ್ನ ಗೆಳತಿಯ ಮನೆಯಲ್ಲಿ ಇದ್ದಳು, ಹನಿ ಕೊಡಲಿಲ್ಲ. ರಿಪೋರ್ಟು ಬಂದ ದಿನ ಅಣ್ಣನೂ ಬಂದ. ಡಾಕ್ಟರಮ್ಮ ತೆಲುಗಿನಲ್ಲಿ, ನಿಧಾನವಾಗಿ, ನಮಗೆ ಅರ್ಥವಾಗುತ್ತದೋ ಇಲ್ಲವೋ ಎಂದು ಮುಖ ನೋಡುತ್ತ ಹೇಳಿದರು. ಪಾದರಸ ಇಲ್ಲ, ಇಲ್ಲವೆಂದೇ ಹೇಳಬೇಕು. ಆದರೆ ಸೀಸ ಇದೆ, ತುಂಬ ಇದೆ. ಸೀಸ ಮಕ್ಕಳ ಮಿದುಳಿಗೆ ಕೆಟ್ಟದ್ದು. ಮನೆಗೆ ಈಚೆಗೆ ಬಣ್ಣ ಬಳಿಸಿದ್ದೀರಾ, ಕಣ್ಣಿಗೆ ಸುರ್ಮಾ ಹಚ್ಚುತ್ತೀರಾ, ಹತ್ತಿರ ಬ್ಯಾಟರಿ ಒಡೆಯುವವರು ಇದ್ದಾರಾ ಎಂದು ಒಂದೊಂದಾಗಿ ಕೇಳಿದರು. ಎಲ್ಲಕ್ಕೂ ಇಲ್ಲ ಅಂದೆವು. ವೈನಿ ಹನಿಯ ಮಾತು ತೆಗೆದಳು, ನಿಂಬೆನೀರಿನ ಮಾತನ್ನೂ ಹೇಳಿದಳು.

"ದೇಂಟ್ಲೋ ಕಲುಪುತಾರಮ್ಮಾ?" ಯಾವುದರಲ್ಲಿ ಕಲಸುತ್ತೀರಿ ಎಂದು ಕೇಳಿದರು.

ವೈನಿ ಹೇಳಿದಳು. ಹಿತ್ತಾಳೆ ಲೋಟ, ಮಾವನದು, ಒಳಗೆ ಕಲಾಯಿ ಇದೆ, ರಾತ್ರಿಯೆಲ್ಲ ಅದರಲ್ಲೇ ಇರುತ್ತದೆ.

ನಾನು ಅಣ್ಣನ ಪಕ್ಕದಲ್ಲಿ ಕುಳಿತಿದ್ದೆ. ಅವನು ವೈನಿಯ ಕಡೆ ತಿರುಗಿದ. "ಯಾವ ಲೋಟಾ? ಅಪ್ಪಂದಾ? ನುಮಾಯಿಶ್ ಮಾಲಿನ ಸಂಗಡ ಹೋಗಿ ಬಂದಿತ್ತಲ್ಲ, ಅದಾ?"

"ಹೌದ್ರಿ. ಮತ್ಯಾವದು?"

ಅಣ್ಣ ಎದ್ದು ನಿಂತ. ಮತ್ತೆ ಕುಳಿತ. ಬೇಗಂ ಬಜಾರಿನಲ್ಲಿ ಪಾತ್ರೆ ಮಾರುವ ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಅವನು ನೆಲ ನೋಡುತ್ತ ಹೇಳಿದ. ಅಡುಗೆಯ ಪಾತ್ರೆಗೆ ಶುದ್ಧ ತವರದ ಕಲಾಯಿ ಹಾಕಿಸುತ್ತಾರೆ. ಗೋಡೆಗೆ, ಶೋಕೇಸಿಗೆ ಹೋಗುವ ಮಾಲಿಗೆ ಹೊಳಪು ಬಂದರೆ ಸಾಕು. ತವರ ತುಟ್ಟಿ, ಅದಕ್ಕೆ ಸೀಸ ಬೆರೆಸುತ್ತಾರೆ. ನುಮಾಯಿಶ್ ಮಳಿಗೆಯಲ್ಲಿ ಅವನು ತಾನೇ ಗಿರಾಕಿಗಳಿಗೆ ಎಚ್ಚರಿಕೆ ಕೊಡುತ್ತಿದ್ದ, ಇದು ಅಂದಕ್ಕೆ, ಇದರಲ್ಲಿ ಉಣ್ಣಬೇಡಿ, ಹುಳಿಯಂತೂ ಇಡಲೇಬೇಡಿ ಎಂದು. ಅಪ್ಪನ ಲೋಟ ಮಾಡದಲ್ಲಿ ಇರುವಂಥದ್ದು, ಅದರಲ್ಲಿ ಯಾರು ಕುಡಿಯುತ್ತಾರೆ ಅಂದುಕೊಂಡಿದ್ದ. ಮೂರು ತಿಂಗಳಲ್ಲಿ ಒಮ್ಮೆಯೂ, ಬೆಳಗ್ಗೆ ಎದ್ದು ಮಗಳಿಗೆ ಯಾವುದರಲ್ಲಿ ಕುಡಿಸುತ್ತಿದ್ದಾರೆ ಎಂದು ನೋಡಿರಲಿಲ್ಲ.

ಡಾಕ್ಟರಮ್ಮ ಲೋಟ, ಸೀಸೆ ಎರಡನ್ನೂ ತರಿಸಿಕೊಂಡು ಪರೀಕ್ಷೆಗೆ ಕಳಿಸಿದರು. ಲೋಟದಲ್ಲಿಟ್ಟ ನಿಂಬೆನೀರಿಗೆ ಸೀಸ ಬಿಡುತ್ತಿತ್ತು. ಹನಿಯಲ್ಲೂ ಸ್ವಲ್ಪ ಇತ್ತು. ನೆಲದಿಂದ ತೆಗೆದ ಮಣ್ಣಿನಲ್ಲಿ ಇರುವುದುಂಟು ಎಂದರು. ಕೂಸಿಗೆ ಮೊದಲಿದ್ದ ನಿಧಾನ ಬೇರೆ ಕಾರಣಕ್ಕೆ ಇರಬಹುದು, ಅದರ ಮೇಲೆ ಇದು ಬಂದು ಕೂತಿದೆ, ಯಾವುದರಿಂದ ಎಷ್ಟು ಹೋಯಿತು ಎಂದು ಬೇರ್ಪಡಿಸಿ ಹೇಳಲು ಯಾರಿಗೂ ಆಗುವುದಿಲ್ಲ ಎಂದರು.

"ರಕ್ತದಾಗಿಂದು ಇಳದ ಮ್ಯಾಲ ಹೋದ ಮಾತು ತಿರುಗಿ ಬರ್ತಾವೇನ್ರಿ?" ವೈನಿ ಕನ್ನಡದಲ್ಲೇ ಕೇಳಿದಳು. ನಾನು ತೆಲುಗಿನಲ್ಲಿ ಹೇಳಿದೆ.

ಸೀಸ ಇಳಿಯುತ್ತದೆ, ಕಬ್ಬಿಣದ ಔಷಧಿ ಕೊಡೋಣ, ಕ್ಲಾಸು ಇಂದೇ ಶುರು ಮಾಡಿ ಎಂದರು. ಮಾತಿನ ಬಗ್ಗೆ ಭರವಸೆ ಕೊಡಲಿಲ್ಲ. ಎರಡನೇ ಸಲ ಕೇಳಿದಾಗಲೂ ಕೊಡಲಿಲ್ಲ.

ಮನೆಗೆ ಬಂದು ಹೇಳಿದಾಗ ಅವ್ವ ರಿಪೋರ್ಟಿನ ಒಂದೇ ಸಾಲು ಹಿಡಿದುಕೊಂಡಳು. "ಪಾದರಸ ಇಲ್ಲಂತಲ್ಲ? ಹೆಂಗ ಹೋತು ಮತ್ತ? ಹಲ್ಲು ಕೀಳಿಸಿದ್ದಕ್ಕ ಹೋತು." ಮೌಶಿಯ ಹತ್ತಿರವೂ ಉತ್ತರ ಸಿದ್ಧವಿತ್ತು. ಸೀಸ ರಕ್ತಕ್ಕೆ ಬಂದರೇ ತಾನೇ ಹೊರಗೆ ಹೋಗುವುದು, ಹನಿ ಕೆಲಸ ಮಾಡುತ್ತಿರುವಾಗ ನಿಲ್ಲಿಸಿಬಿಟ್ಟಿರಿ ಎಂದಳು. ಆ ಮಳೆಗಾಲದಲ್ಲಿ ಅವಳು ಇನ್ನೆರಡು ಮನೆಗಳಿಗೆ ಸೀಸೆ ಕೊಟ್ಟಳು. ಒಂದು ಮನೆಯಲ್ಲಿ ನಮ್ಮ ಕೂಸಿನ ಹಳೆಯ ಫೋಟೋ ತೋರಿಸಿ, ಪಾದರಸ ಪೂರಾ ಇಳಿದ ಕೂಸು ಇದು ಎಂದಳಂತೆ.

ವೈನಿ ಜಗಳ ಮಾಡಲಿಲ್ಲ. ಮೂರು ಸ್ಟೀಲಿನ ತಟ್ಟೆ, ಎರಡು ಸ್ಟೀಲಿನ ಲೋಟ, ಒಂದು ಕುಕ್ಕರು ತಂದು ಮಾಳಿಗೆಯ ಕೋಣೆಯಲ್ಲಿ ಒಲೆ ಹೂಡಿದಳು. ಅಣ್ಣ ಅಲ್ಲಿಯೇ ಉಣ್ಣತೊಡಗಿದ. ಅವಳು ಬಡಿಸಿದ್ದನ್ನು ತಲೆ ಎತ್ತದೆ ಉಣ್ಣುತ್ತಿದ್ದ. ಅವ್ವನಿಗೆ ಕೆಳಗೆ ನಾನು ಮಾಡುತ್ತಿದ್ದೆ. ಅವ್ವನಿಗೆ ಒಂದೇ ನಿಯಮ ಹಾಕಿದ್ದಳು ವೈನಿ: ಕೂಸನ್ನು ನೋಡಬಹುದು, ಅದಕ್ಕೆ ಏನೂ ಕೊಡಕೂಡದು. ಒಂದು ಅಕ್ಕಿಕಾಳು ಕೂಡ.

ಸೆಪ್ಟೆಂಬರಿಗೆ ಕೂಸಿನ ಹತ್ತಿರ ಎರಡು ಮಾತು ಉಳಿದಿದ್ದವು, ಹೂಂ ಮತ್ತು ಲೈಲು. ಅವ್ವ ಎಂಬುದು ಹೋಗಿತ್ತು. ತಾಯಿ ಬೇಕಾದರೆ ಸೀರೆ ಜಗ್ಗುತ್ತಿತ್ತು. ಕ್ಲಾಸಿನ ಟೀಚರು ಹೊಸದೊಂದು ಕ್ರಮ ಹೇಳಿಕೊಟ್ಟಿದ್ದರು. ಕೂಸಿಗೆ ಬೇಕಾದದ್ದನ್ನು ಕಣ್ಣೆದುರಿಗೆ ಹಿಡಿಯಿರಿ, ಕಾಯಿರಿ, ಒಂದು ಸ್ವರ ಹೊರಟರೂ ಕೂಡಲೇ ಕೊಟ್ಟುಬಿಡಿ. ಅಳಿಸಬೇಡಿ, ಎಳೆಯಬೇಡಿ ಎಂದೂ ಹೇಳಿದ್ದರು. ವೈನಿ ಬಿಸ್ಕತ್ತು ಹಿಡಿದು ಕಾಯುತ್ತಿದ್ದಳು. ಕೂಸು ಕೈ ಚಾಚಿ ಸುಮ್ಮನೆ ನಿಲ್ಲುತ್ತಿತ್ತು.

ದಸರೆಯ ರಜೆಯ ಒಂದು ಮಧ್ಯಾಹ್ನ ವೈನಿ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಕೂಸು ಮೆಟ್ಟಿಲಿಳಿದು ಅವ್ವನ ಕೋಣೆಯ ಬಾಗಿಲಿಗೆ ಬಂತು. ನಾನು ಕಿಟಕಿಯ ಬಳಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ. ಅವ್ವ ಬುಟ್ಟಿಯಿಂದ ಬಾಳೆಹಣ್ಣು ತೆಗೆದು ನನ್ನ ಕಡೆ ನೋಡಿದಳು.

"ಸಿಪ್ಪಿಯೊಳಗ ಇರೋದಕ್ಕ ನನ್ನ ಕೈ ಎಲ್ಲಿ ಹತ್ತತೈತಿ? ನೀನ ಹೇಳು."

ನಾನು ಇಸ್ತ್ರಿ ಮುಂದುವರಿಸಿದೆ. ಅವ್ವ ಸಿಪ್ಪೆ ಅರ್ಧ ಸುಲಿದು ಹಣ್ಣು ಚಾಚಿದಳು. ಅಷ್ಟರಲ್ಲಿ ಮೆಟ್ಟಿಲಿನ ಮೇಲೆ ವೈನಿಯ ಕಾಲು ಕಂಡಿತು. ಅವ್ವನ ಕೈ ಅರ್ಧಕ್ಕೆ ನಿಂತಿತು. ಹಣ್ಣು ಕೂಸಿನ ಮೂಗಿನ ಮುಂದೆ ಇತ್ತು, ಬಾಯಿಗೆ ಬರುತ್ತಿರಲಿಲ್ಲ. ಕೂಸು ಹಣ್ಣನ್ನು ನೋಡಿತು, ಅವ್ವನ ಮುಖ ನೋಡಿತು.

"ಕೊಡು," ಅಂದಿತು.

ಹಿಂದೆ ಎಂದೂ ಇಲ್ಲದ ಮಾತು. ಹನ್ನೊಂದರಲ್ಲಿ ಅದು ಇರಲಿಲ್ಲ.

ಅವ್ವನ ಕಣ್ಣು ತುಂಬಿ ಬಂದವು. "ಕೇಳಿದ್ಯಾ? ನನ್ನ ಕೇಳ್ತು! ಕೊಡು ಅಂತು! ತಗೋ ನನ್ನವ್ವ, ತಗೋ," ಎಂದು ಕೈ ಮುಂದೆ ಮಾಡಿದಳು.

"ಕೊಡಬ್ಯಾಡ್ರಿ," ಅಂದಳು ವೈನಿ.

ಅವಳು ಮೆಟ್ಟಿಲಿಳಿದು ಬಂದು ಕೂಸಿನ ಹಿಂದೆ ಕುಳಿತಳು. ಎರಡೂ ಭುಜ ಹಿಡಿದುಕೊಂಡಳು. ಹಣ್ಣನ್ನು ಕಿತ್ತುಕೊಳ್ಳುತ್ತಾಳೆ ಅಂದುಕೊಂಡೆ. ಅವಳು ಅವ್ವನ ಮಣಿಕಟ್ಟು ಹಿಡಿದು, ಹಣ್ಣು ಕೂಸಿನ ಕೈಗೆ ಎಟುಕದಷ್ಟು ದೂರಕ್ಕೆ ಸರಿಸಿ ಬಿಟ್ಟಳು.

"ಹಿಂಗ ಹಿಡಕೊಂಡ ಕೂಡ್ರಿ. ಇನ್ನೊಮ್ಮಿ ಕೇಳಲಿ."

"ಅಂದೈತಲ್ಲ ಒಮ್ಮಿ? ಹಸದೈತಿ ಅದು."

"ಹಸೀಲಿ. ನಾ ಹೇಳೋತನಾ ಕೊಡಬ್ಯಾಡ್ರಿ, ಅತ್ತಿ. ಇದಕ್ಕಾದ್ರೂ ನನ್ನ ಮಾತು ಕೇಳ್ರಿ."

ಕೂಸು ಕೈ ಚಾಚಿತು. ತುಟಿ ಅಲ್ಲಾಡಿದವು, ಸ್ವರ ಬರಲಿಲ್ಲ. ಅಳತೊಡಗಿತು. ಒಮ್ಮೆ ಸ್ವರ ಹೊರಟರೆ ಕೊಡಬೇಕು, ಟೀಚರು ಹೇಳಿದ್ದು ಹಾಗೆ. ನನಗೆ ಗೊತ್ತಿತ್ತು, ವೈನಿಗೂ ಗೊತ್ತಿತ್ತು. ಅವಳು ಕೂಸಿನ ಕಿವಿಯ ಹತ್ತಿರ ಬಾಯಿ ಇಟ್ಟು, ದವಡೆಯ ಹಲ್ಲಿಲ್ಲದ ಗಲ್ಲ ಒಳಗೆ ಹೋಗುವ ಹಾಗೆ, "ಕೊಡು, ಕೊಡು ಅನ್ನು, ಕೊಡು," ಎನ್ನುತ್ತಲೇ ಇದ್ದಳು. ಕೂಸು ಹೊರಳಾಡಿತು. ಅವ್ವನ ಕೈ ಕೆಳಗಿಳಿಯುತ್ತಿತ್ತು. ಹಣ್ಣಿನ ತುದಿ ಮುರಿದು ನೆಲಕ್ಕೆ ಬಿತ್ತು. ಕೂಸು ಅದರ ಕಡೆ ಬಗ್ಗಿತು, ವೈನಿ ಭುಜ ಬಿಡಲಿಲ್ಲ.

"ಸೊಸಿ, ಸಾಕವ್ವ," ಎಂದಳು ಅವ್ವ. ಸೊಸೆಗೆ ಅವ್ವ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಿನ್ನ ಕಾಲಿಗೆ ಬೀಳ್ತೀನಿ, ಕೊಡ್ತೀನಿ ಬಿಡು."

"ಕೈ ಮ್ಯಾಲ ಹಿಡೀರಿ," ಅಂದಳು ವೈನಿ.

ಅವ್ವ ಹಿಡಿದಳು.